ಅರವತ್ತು ಮಕ್ಕಳು, ಒಂದು ಚೆಂಡು, ನಲವತ್ತು ನಿಮಿಷ

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಹಳ್ಳಿಯೊಂದರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಸಹಶಿಕ್ಷಕಿ. ದೈಹಿಕ ಶಿಕ್ಷಣ ಶಿಕ್ಷಕರು ನಮ್ಮಲ್ಲಿಲ್ಲ. ನಾಲ್ಕರಿಂದ ಏಳನೆಯ ತರಗತಿವರೆಗಿನ ಅರವತ್ತು ಮಕ್ಕಳ ಆಟದ ಅವಧಿ ಈ ವರ್ಷ ನನ್ನ ಪಾಲಿಗೆ ಬಂದಿದೆ. ವಾರಕ್ಕೆ ಮೂರು ಅವಧಿ, ಒಂದೊಂದೂ ನಲವತ್ತು ನಿಮಿಷ. ಅಂಗಳ ಚಿಕ್ಕದು. ಒಂದು ಬದಿಗೆ ಕೊಠಡಿಗಳು, ಇನ್ನೊಂದು ಬದಿಗೆ ಕಾಂಪೌಂಡ್ ಗೋಡೆ, ಒಂದು ತುದಿಯಲ್ಲಿ ಧ್ವಜದ ಕಟ್ಟೆ. ಸಾಮಾನೆಂದರೆ ಒಂದು ವಾಲಿಬಾಲ್, ಎರಡು ಹಗ್ಗ. ಆಟ ಶುರುವಾಗಿ ಹತ್ತು ನಿಮಿಷಕ್ಕೆ ಜಗಳ ಶುರುವಾಗುತ್ತದೆ. ದೊಡ್ಡ ಹುಡುಗಿಯರು ಬೇವಿನ ಮರದ ಕೆಳಗೆ ಕೂತುಬಿಡುತ್ತಾರೆ. ಕಾಲಿನಲ್ಲಿ ಬಲವಿಲ್ಲದ ಒಬ್ಬ ಹುಡುಗನಿದ್ದಾನೆ. ಅವನನ್ನು ಅಂಕ ಬರೆಯಲು ಕೂರಿಸುತ್ತೇವೆ. ಕಳೆದ ವರ್ಷ ಓಡುವಾಗ ಬಿದ್ದು ಒಬ್ಬನ ಮಣಿಕಟ್ಟು ಮುರಿಯಿತು, ಮನೆಯವರು ಬಂದು ದೊಡ್ಡ ಗಲಾಟೆ ಮಾಡಿದರು. ಅಂದಿನಿಂದ ಮುಖ್ಯ ಶಿಕ್ಷಕರು 'ಸಾಲಾಗಿ ನಿಲ್ಲಿಸಿ ಕವಾಯತು ಮಾಡಿಸಿ, ಅಷ್ಟೇ ಸಾಕು' ಎನ್ನುತ್ತಾರೆ. ಎಲ್ಲರೂ ಖುಷಿಯಿಂದ ಆಡುವ, ಪೆಟ್ಟಾಗದ ಆಟಗಳು ಯಾವುವು? ಸುತ್ತಲಿನ ಶಾಲೆಗಳೆಲ್ಲ ಸೇರುವ ಕ್ಲಸ್ಟರ್ ಕ್ರೀಡಾಕೂಟಕ್ಕೆ ತಂಡವನ್ನೂ ಸಿದ್ಧ ಮಾಡಬೇಕಲ್ಲ, ಅದನ್ನು ಹೇಗೆ ನಿಭಾಯಿಸಲಿ?

ಉತ್ತರ: ನೀವು ಆಟಗಳ ಪಟ್ಟಿ ಕೇಳಿದ್ದೀರಿ. ಕೊಡುತ್ತೇನೆ. ಆದರೆ ನಿಮ್ಮ ಪತ್ರದಲ್ಲಿರುವ ಜಗಳ, ಬೇವಿನ ಮರದ ನೆರಳು, ಅಂಕ ಬರೆಯುವ ಹುಡುಗ ಇವು ಮೂರೂ ಪಟ್ಟಿಯಿಂದ ಬಗೆಹರಿಯುವಂಥವಲ್ಲ. ಮೂರಕ್ಕೂ ಬೇರು ಒಂದೇ: ಆಟದ ಅವಧಿಯಲ್ಲಿ ಹೆಚ್ಚಿನ ಮಕ್ಕಳು ಆಡುತ್ತಿಲ್ಲ, ಕಾಯುತ್ತಿದ್ದಾರೆ. ದೈಹಿಕ ಶಿಕ್ಷಣ ಶಿಕ್ಷಕನಾಗಿ, ಆಮೇಲೆ ಶಿಕ್ಷಕರಿಗೆ ತರಬೇತಿ ಕೊಡುವವನಾಗಿ ನಾನು ನೋಡಿದ ಶಾಲೆಗಳಲ್ಲಿ, ಮೈದಾನ ದೊಡ್ಡದಿದ್ದಲ್ಲೂ ಇದೇ ಕಥೆ.

ಸಣ್ಣ ಲೆಕ್ಕವೊಂದನ್ನು ಮಾಡಿ ನೋಡಿ. ಅರವತ್ತು ಮಕ್ಕಳನ್ನು ನಾಲ್ಕು ಸಾಲು ಮಾಡಿ ರಿಲೇ ಓಡಿಸುತ್ತೀರಿ. ಸಾಲಿಗೆ ಹದಿನೈದು ಮಕ್ಕಳು. ಒಬ್ಬರು ಓಡಿ ಬರಲು 20 ಸೆಕೆಂಡು ಎಂದಿಟ್ಟುಕೊಂಡರೆ, ಒಂದು ಮಗುವಿಗೆ ಮತ್ತೆ ಸರದಿ ಬರುವುದು ಐದು ನಿಮಿಷಕ್ಕೊಮ್ಮೆ. ಅರ್ಧ ಗಂಟೆಯಲ್ಲಿ ಆ ಮಗು ಓಡಿದ್ದು ಒಟ್ಟು ಎರಡು ನಿಮಿಷ. ಉಳಿದ ಇಪ್ಪತ್ತೆಂಟು ನಿಮಿಷ ಅದು ಏನು ಮಾಡಬೇಕು? ಮುಂದಿನವನ ಬೆನ್ನಿಗೆ ಗುದ್ದುತ್ತದೆ, ಪಕ್ಕದ ಸಾಲಿನವರು ಗೆರೆ ದಾಟಿದರೆಂದು ದೂರುತ್ತದೆ, ನೆಲದಲ್ಲಿ ಕಲ್ಲು ಹೆಕ್ಕುತ್ತದೆ. ಜಗಳ ಹುಟ್ಟುವುದು ಆಟದಿಂದಲ್ಲ, ಸಾಲಿನಿಂದ. ಅದೇ ಮಕ್ಕಳನ್ನು ಐದೈದು ಜನರ ಹನ್ನೆರಡು ಸಾಲು ಮಾಡಿದರೆ ಓಟ ಆರು ನಿಮಿಷಕ್ಕೇರುತ್ತದೆ. ಖರ್ಚು ನಯಾಪೈಸೆ ಇಲ್ಲ.

ಇದಕ್ಕಿಂತ ಕೆಟ್ಟದ್ದು 'ಔಟ್' ಎನ್ನುವ ವ್ಯವಸ್ಥೆ. ಮೊದಲು ಔಟಾಗುವವರು ಯಾರು? ನಿಧಾನವಾಗಿ ಓಡುವವರು, ದಪ್ಪಗಿರುವವರು, ಚಿಕ್ಕವರು, ಅಂಜುವವರು. ಓಟದ ಅಗತ್ಯ ಯಾರಿಗೆ ಹೆಚ್ಚಿದೆಯೋ ಅವರೇ ಮೊದಲು ಹೋಗಿ ಗೋಡೆಯ ಬದಿ ಕೂರುತ್ತಾರೆ. ಕೊನೆಗೆ ಉಳಿದು ಚಪ್ಪಾಳೆ ಗಿಟ್ಟಿಸುವವನು ಮನೆಯ ಹತ್ತಿರವೂ ಸಂಜೆಯೆಲ್ಲ ಓಡುವ ಹುಡುಗ. ನಿಮ್ಮ ಅವಧಿ ಇಲ್ಲದಿದ್ದರೂ ಅವನಿಗೆ ನಷ್ಟವಿಲ್ಲ. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಉಸಿರು ಏರುವಂಥ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ. ನಿಮ್ಮ ನಲವತ್ತು ನಿಮಿಷದಲ್ಲಿ ಅದರ ಮೂರನೆಯ ಒಂದು ಭಾಗವಾದರೂ ಪ್ರತಿ ಮಗುವಿಗೆ ಸಿಕ್ಕಿದರೆ ಅವಧಿ ಸಾರ್ಥಕ. ಆದ್ದರಿಂದ ಯಾವ ಆಟವನ್ನೇ ಆರಿಸಿ, ಮೊದಲು ಕೇಳಿಕೊಳ್ಳಬೇಕಾದದ್ದು ಇಷ್ಟು: ಈ ಕ್ಷಣ ಎಷ್ಟು ಮಕ್ಕಳು ಸುಮ್ಮನೆ ನಿಂತಿದ್ದಾರೆ?

ಖೋ ಖೋ ನಮ್ಮ ಶಾಲೆಗಳ ಪ್ರೀತಿಯ ಆಟ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್ಪನ್ನು ಭಾರತದ ಪುರುಷರೂ ಮಹಿಳೆಯರೂ ಗೆದ್ದ ಮೇಲಂತೂ ಅದರ ಹುರುಪು ಹೆಚ್ಚಿದೆ. ಆದರೆ ನಾವು ಕಲಿತ ಹಳೆಯ ಪದ್ಧತಿಯ ಆಟದಲ್ಲಿ ಎಂಟು ಜನ ಕುಳಿತಿರುತ್ತಾರೆ, ಒಬ್ಬ ಅಟ್ಟಿಸುತ್ತಾನೆ, ಮೂವರು ತಪ್ಪಿಸಿಕೊಳ್ಳುತ್ತಾರೆ, ಆ ತಂಡದ ಉಳಿದವರು ಹೊರಗೆ ಕಾಯುತ್ತಾರೆ. ಹದಿನೆಂಟು ಜನರಲ್ಲಿ ಓಡುವವರು ನಾಲ್ವರು. ಪಂದ್ಯಕ್ಕೆ ಅದು ಸರಿ. ಅರವತ್ತು ಮಕ್ಕಳ ತರಗತಿಗೆ ಸರಿಯಲ್ಲ.

ಈಗ ಕೆಲವು ನಂಬಿಕೆಗಳ ವಿಚಾರ. ಇವುಗಳಲ್ಲಿ ಒಂದು ನಿಮ್ಮ ಪತ್ರದಲ್ಲೇ ಇದೆ, ಉಳಿದವು ಸ್ಟಾಫ್ ರೂಮಿನಲ್ಲಿ ಇರುತ್ತವೆ.

ಕವಾಯತು ಮಾಡಿಸಿದರೆ ಸಾಕು ಎನ್ನುವುದು ಮೊದಲನೆಯದು. ಕವಾಯತನ್ನು ನಾನು ಹಳಿಯುವುದಿಲ್ಲ. ಸ್ವಾತಂತ್ರ್ಯ ದಿನದ ಬೆಳಿಗ್ಗೆ ಅದು ಚೆಂದ, ತಾಳಕ್ಕೆ ಕೈಕಾಲು ಆಡಿಸಲೂ ಕಲಿಸುತ್ತದೆ. ಆದರೆ ನಿಂತಲ್ಲೇ ಕೈ ಎತ್ತಿ ಇಳಿಸುವುದರಿಂದ ಉಸಿರು ಏರುವುದಿಲ್ಲ. ಎದುರಿನಿಂದ ಓಡಿ ಬರುವವನನ್ನು ತಪ್ಪಿಸಿಕೊಳ್ಳುವುದು, ಬೀಳುವಾಗ ಸಾವರಿಸಿಕೊಳ್ಳುವುದು, ಸೋತರೂ ಮುಂದಿನ ಸುತ್ತಿಗೆ ನಿಲ್ಲುವುದು ಕವಾಯತಿನಲ್ಲಿ ಬರುವುದಿಲ್ಲ. ಓಡಿಸದೆ ಸುಮ್ಮನಿರಿಸಿದ ಮಕ್ಕಳು ಸಂಜೆ ಗೇಟಿನಿಂದ ಹೊರಬಿದ್ದು ರಸ್ತೆಯಲ್ಲಿ ಓಡುತ್ತಾರೆ, ಅಷ್ಟೇ.

ಆಡುವಾಗ ನೀರು ಕುಡಿಯಬಾರದು ಎನ್ನುವುದು ಇನ್ನೊಂದು. ಇದು ತಪ್ಪು, ಬೇಸಿಗೆಯಲ್ಲಿ ಅಪಾಯಕಾರಿ ಕೂಡ. ಒಂದೇ ಸಲ ಚೊಂಬುಗಟ್ಟಲೆ ಕುಡಿದು ಓಡಿದರೆ ಹೊಟ್ಟೆ ಹಿಡಿಯಬಹುದು, ನಿಜ. ನಡುನಡುವೆ ನಾಲ್ಕು ಗುಟುಕು ಕುಡಿದರೆ ಏನೂ ಆಗುವುದಿಲ್ಲ. ಮಾರ್ಚ್ ತಿಂಗಳಿನಲ್ಲಿ ಮಧ್ಯಾಹ್ನದ ಅವಧಿಯನ್ನು ಬೆಳಗಿನ ಮೊದಲ ಅವಧಿಗೆ ಬದಲಿಸಿಕೊಳ್ಳಿ. ಬಿಸಿಯೂಟ ಮುಗಿದ ತಕ್ಷಣ ಓಡಿಸುವ ಆಟ ಬೇಡ.

ಮುಟ್ಟಿನ ದಿನಗಳಲ್ಲಿ ಹುಡುಗಿಯರು ಆಡಬಾರದು ಎನ್ನುವುದು ಮೂರನೆಯದು. ವೈದ್ಯಕೀಯವಾಗಿ ಅಂಥ ನಿಷೇಧವೇನೂ ಇಲ್ಲ. ಕೆಲವರಿಗೆ ಆಡಿದರೆ ಹೊಟ್ಟೆನೋವು ಹಗುರಾಗುತ್ತದೆ, ಕೆಲವರಿಗೆ ಆ ದಿನ ಮೈ ಏಳುವುದಿಲ್ಲ. ಆಯ್ಕೆ ಆ ಹುಡುಗಿಯದಾಗಿರಲಿ, ಕಾರಣವನ್ನು ಎಲ್ಲರೆದುರು ಕೇಳದಂತಿರಲಿ. ನೀವು ಶಿಕ್ಷಕಿಯಾಗಿರುವುದು ಇಲ್ಲಿ ದೊಡ್ಡ ಅನುಕೂಲ. ಈ ಮಾತನ್ನು ನಮ್ಮಂಥ ಗಂಡು ಮೇಷ್ಟ್ರುಗಳು ಆಡಲು ಹೋಗಿ ಹುಡುಗಿಯರನ್ನು ಇನ್ನಷ್ಟು ದೂರ ಮಾಡುವುದುಂಟು.

ಬೇವಿನ ಮರದ ಕೆಳಗೆ ಕೂರುವುದಕ್ಕೆ ಮುಟ್ಟೊಂದೇ ಕಾರಣವಾಗಿರುವುದು ಅಪರೂಪ. ಲಂಗ ಹಾಕಿಕೊಂಡು ಓಡಲು ಮುಜುಗರ, ರಸ್ತೆಯಲ್ಲಿ ನಿಂತು ನೋಡುವವರು, ಚೆಂಡು ಸಿಕ್ಕರೂ ಕಿತ್ತುಕೊಳ್ಳುವ ಏಳನೆಯ ತರಗತಿಯ ನಾಲ್ಕು ಹುಡುಗರು. ಆಟದ ದಿನ ಲಂಗದ ಒಳಗೆ ಪ್ಯಾಂಟ್ ಹಾಕಿಕೊಂಡು ಬರಲು ಅಥವಾ ಚೂಡಿದಾರದಲ್ಲಿ ಬರಲು ಮುಖ್ಯ ಶಿಕ್ಷಕರಿಂದ ಒಪ್ಪಿಗೆ ಪಡೆಯಿರಿ. ಆಟ ನಡೆಸುವ ಹೊಣೆಯನ್ನು ವಾರಕ್ಕೊಮ್ಮೆ ಆ ಹುಡುಗಿಯರಿಗೇ ಕೊಡಿ. ಕುಂಟೆಬಿಲ್ಲೆಯಲ್ಲಿ ಅವರು ಗುರುಗಳು, ಹುಡುಗರು ಶಿಷ್ಯರು. ಒಂಟಿ ಕಾಲಿನಲ್ಲಿ ಗೆರೆ ತುಳಿಯದೆ ಬಿಲ್ಲೆ ತಳ್ಳುವುದು ಎಷ್ಟು ಕಷ್ಟವೆಂದು ಮೀಸೆ ಚಿಗುರುತ್ತಿರುವ ಹುಡುಗರಿಗೆ ಆಗ ಗೊತ್ತಾಗುತ್ತದೆ.

ಇನ್ನು ಆಟಗಳಿಗೆ ಬರೋಣ.

ನಾನು ಎಲ್ಲಕ್ಕಿಂತ ಮೊದಲು ಹೇಳಿಕೊಡುವುದು ಬಾಲ ಕೀಳುವ ಆಟ. ಹಳೆಯ ಸೀರೆಯೊಂದನ್ನು ಮೂರು ಬೆರಳು ಅಗಲ, ಒಂದು ಮೊಳ ಉದ್ದದ ಪಟ್ಟಿಗಳಾಗಿ ಹರಿದುಕೊಳ್ಳಿ. ಒಂದು ಸೀರೆ ಇಡೀ ಶಾಲೆಗೆ ಸಾಕಾಗಿ ಮಿಗುತ್ತದೆ. ಪ್ರತಿ ಮಗುವೂ ಒಂದು ಪಟ್ಟಿಯನ್ನು ಸೊಂಟದ ಹಿಂದೆ ಸಿಕ್ಕಿಸಿಕೊಳ್ಳಬೇಕು, ಕಟ್ಟಿಕೊಳ್ಳಬಾರದು; ಎಳೆದರೆ ಸಲೀಸಾಗಿ ಕಳಚಿ ಬರಬೇಕು. ಸೀಟಿ ಊದಿದ ಮೇಲೆ ಎಲ್ಲರೂ ಎಲ್ಲರ ಬಾಲ ಕೀಳಬಹುದು. ಬಾಲ ಹೋದವರು ಔಟಲ್ಲ. ನಿಮ್ಮ ಬಳಿ ಇರುವ ಬುಟ್ಟಿಯ ಹತ್ತಿರ ಓಡಿ ಬಂದು, ಐದು ಸಲ ಕುಪ್ಪಳಿಸಿ, ಹೊಸ ಬಾಲ ಸಿಕ್ಕಿಸಿಕೊಂಡು ಮತ್ತೆ ಒಳಗೆ ಹೋಗುತ್ತಾರೆ. ಕಿತ್ತ ಬಾಲಗಳನ್ನು ಕೈಯಲ್ಲಿಟ್ಟುಕೊಂಡು ಕೊನೆಗೆ ಎಣಿಸಿದರಾಯಿತು. ಎರಡು ನಿಮಿಷದ ಸುತ್ತು, ಅರ್ಧ ನಿಮಿಷ ವಿಶ್ರಾಂತಿ. ಅಂಗಳವನ್ನು ಗೆರೆ ಎಳೆದು ಎರಡು ಮಾಡಿ, ಚಿಕ್ಕವರು ಒಂದು ಕಡೆ, ದೊಡ್ಡವರು ಒಂದು ಕಡೆ. ಏಳನೆಯ ತರಗತಿಯ ಹುಡುಗ ನಾಲ್ಕನೆಯವನಿಗಿಂತ ಒಂದೂವರೆ ಪಟ್ಟು ತೂಗಬಹುದು; ಇಬ್ಬರೂ ಡಿಕ್ಕಿ ಹೊಡೆದರೆ ಯಾರು ಬೀಳುತ್ತಾರೆಂದು ಹೇಳಬೇಕಿಲ್ಲ.

ಈ ಆಟದ ಗುಣವೇನೆಂದರೆ ಕೈ ಹೋಗುವುದು ಬಟ್ಟೆಯ ಕಡೆಗೆ, ಮೈಯ ಕಡೆಗಲ್ಲ. ಮುಟ್ಟಾಟದಲ್ಲಿ ಬೆನ್ನಿಗೆ ಕೈ ಬಿದ್ದದ್ದು ತಳ್ಳಿದ್ದಾಗಿ, ತಳ್ಳಿದ್ದು ಜಗಳವಾಗುತ್ತದೆ. 'ನಾನು ಮುಟ್ಟಿದೆ', 'ಇಲ್ಲ, ಮುಟ್ಟಲಿಲ್ಲ' ಎಂಬ ತಕರಾರಿಗೂ ಇಲ್ಲಿ ಜಾಗವಿಲ್ಲ. ಬಾಲ ಒಂದೋ ಸೊಂಟದಲ್ಲಿರುತ್ತದೆ, ಇಲ್ಲವೇ ಎದುರಾಳಿಯ ಕೈಯಲ್ಲಿರುತ್ತದೆ. ಎರಡೇ ನಿಯಮ: ತನ್ನ ಬಾಲವನ್ನು ಕೈಯಿಂದ ಹಿಡಿದುಕೊಳ್ಳಬಾರದು, ಗೋಡೆಗೆ ಬೆನ್ನು ಕೊಟ್ಟು ನಿಲ್ಲಬಾರದು. ಎರಡನೆಯದನ್ನು ಮೊದಲ ದಿನವೇ ಯಾರಾದರೊಬ್ಬ ಜಾಣ ಮಾಡಿಯೇ ತೀರುತ್ತಾನೆ.

ಖೋ ಖೋವನ್ನು ಬಿಡಬೇಡಿ, ಚಿಕ್ಕದು ಮಾಡಿ. ಹದಿನಾಲ್ಕು ಮಕ್ಕಳ ಒಂದು ವೃತ್ತ. ಹನ್ನೆರಡು ಮಕ್ಕಳು ಜೋಡಿಜೋಡಿಯಾಗಿ, ಒಬ್ಬರ ಹಿಂದೆ ಒಬ್ಬರು, ವೃತ್ತದ ಒಳಮುಖವಾಗಿ ನಿಲ್ಲಬೇಕು. ಒಬ್ಬ ಓಡುವವನು, ಒಬ್ಬ ಅಟ್ಟಿಸುವವನು. ಓಡುವವನು ದಣಿದಾಗ ಯಾವುದಾದರೂ ಜೋಡಿಯ ಮುಂದೆ ಹೋಗಿ ನಿಂತರೆ, ಅದರ ಹಿಂದಿನವನು ಓಡಬೇಕು. ಸಿಕ್ಕಿಬಿದ್ದರೆ ಇಬ್ಬರ ಪಾತ್ರ ಅದಲುಬದಲು. ಸರದಿ ಯಾವ ಗಳಿಗೆಯಲ್ಲಿ ಬರುತ್ತದೋ ಗೊತ್ತಿರುವುದಿಲ್ಲವಾದ್ದರಿಂದ ನಿಂತವರೂ ಮೈಯೆಲ್ಲ ಕಣ್ಣಾಗಿರುತ್ತಾರೆ. ಅರವತ್ತು ಮಕ್ಕಳಿಗೆ ಇಂಥ ನಾಲ್ಕು ವೃತ್ತ ಬೇಕು; ಮಿಕ್ಕ ನಾಲ್ವರು ಎರಡು ವೃತ್ತಗಳಿಗೆ ಒಂದೊಂದು ಜೋಡಿಯಾಗಿ ಸೇರಲಿ. ಒಬ್ಬರೇ ಸತತವಾಗಿ ಅರ್ಧ ನಿಮಿಷಕ್ಕಿಂತ ಹೆಚ್ಚು ಓಡಬಾರದೆಂದು ನಿಯಮ ಮಾಡಿ. ಇಲ್ಲದಿದ್ದರೆ ಚುರುಕಾದವನೊಬ್ಬನೇ ಪ್ರದರ್ಶನ ಕೊಡುತ್ತಾನೆ.

ಲಗೋರಿಗೆ ಒಂದು ತಂಡದಲ್ಲಿ ಏಳು ಮಕ್ಕಳು ಸಾಕು. ರಬ್ಬರ್ ಚೆಂಡು ಮುಖಕ್ಕೆ ಬಡಿದರೆ ಕಣ್ಣಿಗೆ ಕುತ್ತು. ಹಳೆಯ ಕಾಲುಚೀಲದೊಳಗೆ ಬಟ್ಟೆಯ ಚೂರು ತುಂಬಿ ಹೊಲಿದ ಚೆಂಡು ಮಾಡಿಕೊಳ್ಳಿ, ಎಸೆತ ಸೊಂಟದ ಕೆಳಗೇ ಇರಬೇಕೆಂದು ಹೇಳಿ. ಚೆಂಡು ತಗುಲಿದವನು ಔಟಾಗುವ ಬದಲು ಬೇವಿನ ಮರ ಮುಟ್ಟಿ ಬರಲಿ. ಕಲ್ಲು ಜೋಡಿಸಲು ಒಡೆದ ಹೆಂಚಿನ ಚೂರು ಬೇಡ, ಅಂಚು ಹರಿತವಾಗಿರುತ್ತದೆ; ಮರದ ತುಂಡುಗಳು ಅಥವಾ ನಯವಾದ ಚಪ್ಪಟೆ ಕಲ್ಲುಗಳು ಒಳ್ಳೆಯವು.

ಕೆರೆ–ದಡ ನಿಮಗೆ ಗೊತ್ತೇ ಇದೆ. ಗೆರೆಯ ಆಚೆ ಕೆರೆ, ಈಚೆ ದಡ, ಹೇಳಿದತ್ತ ಎರಡೂ ಕಾಲಿನಿಂದ ನೆಗೆಯುವುದು. ಅವಧಿಯ ಮೊದಲ ಮೂರು ನಿಮಿಷಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ, ಮೈ ಬೆಚ್ಚಗಾಗುತ್ತದೆ, ಕಿವಿಯೂ ಚುರುಕಾಗುತ್ತದೆ. ತಪ್ಪಿದವರನ್ನು ಹೊರಗೆ ಕಳಿಸಬೇಡಿ, ಪಕ್ಕದಲ್ಲೊಂದು ಎರಡನೆಯ ಗೆರೆ ಎಳೆದು ಅಲ್ಲಿಗೆ ಕಳಿಸಿ. ಅಲ್ಲಿ ತಪ್ಪಿದವರು ವಾಪಸ್ಸು ಇಲ್ಲಿಗೆ. ಎಷ್ಟು ಜನರೆಂದು ಕೂಗಿದಷ್ಟು ಸಂಖ್ಯೆಯಲ್ಲಿ ಗುಂಪು ಕೂಡುವ ಆಟವೂ ಹೀಗೆಯೇ: ಉಳಿದುಹೋದವರು ಮುಂದಿನ ಸಂಖ್ಯೆ ಕೂಗುವ ಯಜಮಾನರಾಗಲಿ. 'ಹನ್ನೆರಡರ ಮೂರನೆಯ ಒಂದು ಭಾಗ' ಎಂದು ಕೂಗಿದರೆ ಗಣಿತದ ಶಿಕ್ಷಕರೂ ನಿಮಗೆ ಋಣಿ.

ವೃತ್ತವಾಗಿ ಕೈ ಹಿಡಿದು ನಿಂತು ಕುರಿಯನ್ನು ಹುಲಿಯಿಂದ ಕಾಯುವ ಹುಲಿ–ಕುರಿಯಂಥ ಆಟಗಳಲ್ಲಿ ನೀವು ಪತ್ರದಲ್ಲಿ ಬರೆಯದ ತೊಡಕೊಂದು ಬರಬಹುದು. ಆರು–ಏಳನೆಯ ತರಗತಿಯ ಹುಡುಗ ಹುಡುಗಿಯರು ನಾಚಿಕೆಯಿಂದ ಕೈ ಹಿಡಿಯದಿದ್ದರೆ ಒತ್ತಾಯ ಬೇಡ, ಇಬ್ಬರ ನಡುವೆ ಒಂದು ಬಟ್ಟೆಪಟ್ಟಿ ಕೊಡಿ. ಆದರೆ ಕೆಲವೊಮ್ಮೆ ಕೈ ಹಿಂದೆಗೆಯುವುದು ನಾಚಿಕೆಯಿಂದಲ್ಲ, ಕೇರಿಯ ಕಾರಣದಿಂದ. ಅಲ್ಲಿ ಬಟ್ಟೆಪಟ್ಟಿ ಕೊಡಲೇಬಾರದು. ಕೊಟ್ಟರೆ ಶಾಲೆಯೇ ಆ ಭೇದಕ್ಕೆ ಮುದ್ರೆ ಒತ್ತಿದಂತೆ. ಅಂಥ ದಿನ ಭಾಷಣವೂ ಬೇಡ. ನೀವೇ ವೃತ್ತದೊಳಗೆ ಹೋಗಿ, ಯಾರ ಕೈ ಬೇಡವಾಗಿತ್ತೋ ಆ ಮಗುವಿನ ಕೈ ಒಂದರಿಂದ, ಬೇಡವೆಂದ ಮಗುವಿನ ಕೈ ಇನ್ನೊಂದರಿಂದ ಹಿಡಿದು ಆಟ ಶುರು ಮಾಡಿ. ಒಂದೆರಡು ಸುತ್ತಿನ ನಂತರ ನೀವು ನಡುವಿನಿಂದ ಸರಿದುಕೊಳ್ಳಿ. ಆಮೇಲೂ ಹಿಂಜರಿಕೆ ಮುಂದುವರಿದರೆ ಅದು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯ ವಿಷಯ, ಅಂಗಳದ್ದಲ್ಲ.

ತಂಡ ಮಾಡುವಾಗ ಇಬ್ಬರು ನಾಯಕರು ಒಬ್ಬೊಬ್ಬರನ್ನೇ ಆರಿಸುವ ಪದ್ಧತಿಯನ್ನು ನಿಲ್ಲಿಸಿ. ಕೊನೆಗೆ ಉಳಿಯುವ ಮಗು ಪ್ರತಿ ಸಲವೂ ಅದೇ ಮಗು. ನಮ್ಮ ಹಳ್ಳಿಗಳಲ್ಲೇ ಇದಕ್ಕೊಂದು ಸೊಗಸಾದ ಪರಿಹಾರವಿತ್ತು. ಸಮಬಲದ ಇಬ್ಬರು ಹೆಗಲ ಮೇಲೆ ಕೈ ಹಾಕಿಕೊಂಡು ದೂರ ಹೋಗಿ, ಗುಟ್ಟಾಗಿ ಹೆಸರಿಟ್ಟುಕೊಂಡು ಬಂದು, 'ಸೂರ್ಯ ಬೇಕೋ ಚಂದ್ರ ಬೇಕೋ' ಎಂದು ಕೇಳುತ್ತಿದ್ದರು. ನಾಯಕರು ಹೆಸರು ಆರಿಸುತ್ತಾರೆ, ಆಳನ್ನಲ್ಲ. ತಂಡಗಳೂ ತಾವಾಗಿಯೇ ಸಮನಾಗುತ್ತವೆ. ಅಂಥ ಒಳ್ಳೆಯ ಉಪಾಯವನ್ನು ಬಿಟ್ಟು ನಾವು ಹರಾಜಿನ ಪದ್ಧತಿ ಹಿಡಿದದ್ದು ಯಾಕೋ ತಿಳಿಯದು.

ಶಾಲೆಯ ಅವಧಿಯಲ್ಲಿ ಬೇಡವೆಂದು ನಾನು ನೇರವಾಗಿ ಹೇಳುವ ಆಟ ಚಿನ್ನಿದಾಂಡು. ಎರಡೂ ತುದಿ ಚೂಪಾಗಿರುವ ಚಿನ್ನಿ ಯಾವ ಕಡೆ ಹಾರೀತೆಂದು ಹೇಳಲಾಗದು, ಸುತ್ತ ಅರವತ್ತು ಜೊತೆ ಕಣ್ಣುಗಳಿರುತ್ತವೆ. ಹಗ್ಗಜಗ್ಗಾಟ ಆಡಿಸಬಹುದು, ಆದರೆ ಹಗ್ಗವನ್ನು ಕೈಗಾಗಲಿ ಸೊಂಟಕ್ಕಾಗಲಿ ಸುತ್ತಿಕೊಳ್ಳಲು ಬಿಡಬೇಡಿ, ಬೆರಳೇ ಹೋದ ಉದಾಹರಣೆಗಳಿವೆ. ಗೆದ್ದ ಕಡೆಯವರು ತಟ್ಟನೆ ಹಗ್ಗ ಬಿಡುವ ಚೇಷ್ಟೆಯನ್ನು ಮೊದಲೇ ನಿಷೇಧಿಸಿ. ಕಬಡ್ಡಿ ಮಣ್ಣಿನ ಮೇಲೆ ಮಾತ್ರ. ತರಗತಿಯ ಅವಧಿಗೆ ಹಿಡಿದು ಕೆಡವದೆ, ಬರೀ ಮುಟ್ಟಿ ಬರುವ ಕಬಡ್ಡಿ ಸಾಕು.

ಈಗ ಮುರಿದ ಮಣಿಕಟ್ಟಿನ ವಿಷಯ. ಬೀಳುವಾಗ ಕೈ ಮುಂದೆ ಚಾಚುವುದು ಸಹಜ. ಅದಕ್ಕೇ ಮಕ್ಕಳಲ್ಲಿ ಅತಿ ಹೆಚ್ಚು ಕಾಣುವ ಮೂಳೆಮುರಿತಗಳಲ್ಲಿ ಮಣಿಕಟ್ಟಿನ ಹತ್ತಿರದ್ದೂ ಒಂದು. ಮಕ್ಕಳ ಮೂಳೆ ಹಸಿ ಕೊಂಬೆಯಂತೆ. ಎಷ್ಟೋ ಸಲ ಪೂರ್ತಿ ತುಂಡಾಗದೆ ಒಂದು ಬದಿ ಸೀಳಿ ಬಾಗುತ್ತದೆ, ಸರಿಯಾಗಿ ಪಟ್ಟಿ ಹಾಕಿದರೆ ಕೆಲವೇ ವಾರಗಳಲ್ಲಿ ಕೂಡಿಕೊಳ್ಳುತ್ತದೆ. ಇದನ್ನು ಸಣ್ಣದು ಮಾಡಲು ಹೇಳುತ್ತಿಲ್ಲ. ಆಟವನ್ನೇ ನಿಲ್ಲಿಸುವಂಥ ಅನಾಹುತ ಅದಲ್ಲ ಎಂದು ಹೇಳುತ್ತಿದ್ದೇನೆ.

ಪೆಟ್ಟಾಗುವುದು ಹೆಚ್ಚಾಗಿ ಆಟದಿಂದಲ್ಲ, ಜಾಗದಿಂದ. ನಿಮ್ಮ ಅಂಗಳವನ್ನು ಒಮ್ಮೆ ಮಗುವಿನ ಎತ್ತರಕ್ಕೆ ಬಗ್ಗಿ ನೋಡಿ. ಧ್ವಜದ ಕಟ್ಟೆಯ ಮೂಲೆ ಸರಿಯಾಗಿ ನಾಲ್ಕನೆಯ ತರಗತಿಯ ಮಗುವಿನ ಮೊಣಕಾಲಿಗೋ ತೊಡೆಗೋ ಬರುತ್ತದೆ. ಕಟ್ಟೆಯ ಸುತ್ತ ಎರಡು ಮಾರು ದೂರದಲ್ಲಿ ಗೆರೆ ಎಳೆದು ಅದರೊಳಗೆ ಯಾವ ಆಟವೂ ಇಲ್ಲವೆನ್ನಿ. ಎಲ್ಲಕ್ಕಿಂತ ಮುಖ್ಯವಾದದ್ದು, ಓಟದ ಗುರಿಯಾಗಿ ಗೋಡೆಯನ್ನು ಇಡಲೇಬೇಡಿ. 'ಗೋಡೆ ಮುಟ್ಟಿ ಬನ್ನಿ' ಎಂದ ಕೂಡಲೇ ಮಕ್ಕಳು ಪೂರ್ತಿ ವೇಗದಲ್ಲಿ ಗೋಡೆಗೆ ನುಗ್ಗುತ್ತಾರೆ, ಚಾಚಿದ ಕೈ ಮಡಚುತ್ತದೆ. ಗುರಿಯ ಗೆರೆ ಗೋಡೆಗಿಂತ ನಾಲ್ಕು ಮೀಟರ್ ಈಚೆಗಿರಲಿ. ಎರೆಮಣ್ಣಿನ ಅಂಗಳವಾದರೆ ಬೇಸಿಗೆಯ ಬಿರುಕಿನಲ್ಲಿ ಕಾಲು ಸಿಕ್ಕುತ್ತದೆ, ಮಳೆ ಬಿದ್ದ ಮಾರನೆಯ ದಿನ ಜಾರುತ್ತದೆ. ಅಂಥ ದಿನ ಜಗುಲಿಯ ಮೇಲೆ ಕೂತು ಆಡುವ ಆಟ. ಹವಾಯಿ ಚಪ್ಪಲಿಯಲ್ಲಿ ಓಡುವುದಕ್ಕಿಂತ ಕಲ್ಲು, ಮುಳ್ಳು ಹೆಕ್ಕಿದ ನೆಲದ ಮೇಲೆ ಬರಿಗಾಲು ಮೇಲು, ಶೂ ಇದ್ದರೆ ಇನ್ನೂ ಮೇಲು.

ಗೆರೆ ಎಳೆಯಲು ಸುಣ್ಣ ಬಳಸುವ ರೂಢಿ ಎಲ್ಲೆಡೆ ಇದೆ. ಅರಳದ ಸುಟ್ಟ ಸುಣ್ಣ ಕಣ್ಣಿಗೆ ಬಿದ್ದರೆ ಕಣ್ಣನ್ನೇ ಸುಡುತ್ತದೆ. ರಂಗೋಲಿ ಪುಡಿಯೋ ಜರಡಿ ಹಿಡಿದ ಬೂದಿಯೋ ಸಾಕು.

ಪೆಟ್ಟಾದರೆ ಏನು ಮಾಡಬೇಕೆಂಬುದನ್ನು ಹಾಳೆಯ ಮೇಲೆ ಬರೆದು ಗೋಡೆಗೆ ಅಂಟಿಸಿ. ಮೂಗಿನಲ್ಲಿ ರಕ್ತ ಬಂದರೆ ತಲೆ ಹಿಂದಕ್ಕೆ ಬಾಗಿಸುವುದು ತಪ್ಪು. ಕೂರಿಸಿ, ತುಸು ಮುಂದಕ್ಕೆ ಬಾಗಿಸಿ, ಮೂಗಿನ ಮೆತ್ತನೆಯ ಭಾಗವನ್ನು ಹತ್ತು ನಿಮಿಷ ಬಿಡದೆ ಹಿಸುಕಿ ಹಿಡಿಯಬೇಕು. ಉಳುಕಿದ ಕಾಲನ್ನು ತಿಕ್ಕಬಾರದು, ಉಳುಕು ತೆಗೆಯುವವರ ಬಳಿ ಎಳೆಸಲೂಬಾರದು; ತಣ್ಣೀರ ಬಟ್ಟೆ ಹಾಕಿ ಎತ್ತರದಲ್ಲಿಡಿ. ಕೈ ಊದಿ ಬಾಗಿದ್ದರೆ ರಟ್ಟಿನ ಮೇಲೆ ಅಲುಗದಂತೆ ಇಟ್ಟು ಆಸ್ಪತ್ರೆಗೆ. ಬಿಗಿಯಾಗಿ ಬಿದಿರಿನ ದಬ್ಬೆ ಕಟ್ಟಿಸಿಕೊಂಡು ರಕ್ತ ಸಂಚಾರ ನಿಂತು ಕೈಯನ್ನೇ ಕಳೆದುಕೊಂಡ ಮಕ್ಕಳುಂಟು, ಇದನ್ನು ಪೋಷಕರಿಗೂ ಹೇಳಿ. ತಲೆಗೆ ಪೆಟ್ಟಾದ ಮಗು 'ಏನೂ ಆಗಿಲ್ಲ' ಎಂದರೂ ಆ ದಿನ ಮತ್ತೆ ಆಡಬಾರದು. ವಾಂತಿ, ಮಂಪರು, ಹೆಚ್ಚುತ್ತಿರುವ ತಲೆನೋವು ಕಂಡರೆ 108ಕ್ಕೆ ಕರೆ ಮಾಡಿ.

ಪೋಷಕರ ಗಲಾಟೆಗೆ ಮದ್ದು ಜೂನ್ ತಿಂಗಳಿನಲ್ಲಿದೆ, ಪೆಟ್ಟಾದ ದಿನದಲ್ಲಿಲ್ಲ. ಶಾಲೆ ಶುರುವಾದಾಗಲೇ ಸಭೆ ಕರೆದು ಯಾವ ಆಟ, ಯಾವ ನಿಯಮ ಎಂದು ತೋರಿಸಿ. ಅಸ್ತಮಾ, ಮೂರ್ಛೆ, ಹೃದಯದ ತೊಂದರೆ ಯಾವ ಮಗುವಿಗಿದೆಯೆಂದು ಕೇಳಿ ಬರೆದಿಟ್ಟುಕೊಳ್ಳಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಶಾಲೆಗೆ ಬಂದಾಗ ಬೇಗ ದಣಿಯುವ ಮಕ್ಕಳನ್ನು ಮುದ್ದಾಂ ತೋರಿಸಿ. ನಾವು ಸೋಮಾರಿ ಎಂದು ಬೈಯುವ ಮಗುವಿಗೆ ರಕ್ತಹೀನತೆ ಇರಬಹುದು. ವಾರಕ್ಕೊಂದು ಕೊಡುವ ಕಬ್ಬಿಣಾಂಶದ ಮಾತ್ರೆ ಅದರ ಹೊಟ್ಟೆಗೆ ಹೋಗುತ್ತಿದೆಯೋ ಕಿಟಕಿಯಾಚೆಗೋ ನೋಡಿ.

ಅಂಕ ಬರೆಯುವ ಹುಡುಗನಿಗೆ ಈಗಿರುವ ಸ್ಥಾನ ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂಬಂಥದ್ದು. ಮೊದಲು ಅವನನ್ನೇ ಪಕ್ಕಕ್ಕೆ ಕರೆದು ಕೇಳಿ: ಏನು ಆಡಲು ಆಸೆ, ಎಲ್ಲಿ ನೋವಾಗುತ್ತದೆ. ಬಾಲ ಕೀಳುವ ಆಟದಲ್ಲಿ ಅವನಿಗೆ ಎರಡು ಬಾಲ ಕೊಡಬಹುದು, ಇಲ್ಲವೇ ಅವನ ಸುತ್ತ ಒಂದು ವೃತ್ತ ಎಳೆದು, ಅದರೊಳಗೆ ಕಾಲಿಟ್ಟ ಯಾರ ಬಾಲವನ್ನಾದರೂ ಅವನು ಕೀಳಬಹುದು ಎನ್ನಬಹುದು. ಆ ವೃತ್ತದಿಂದ ಬಾಲ ತಂದವರಿಗೆ ಎರಡು ಅಂಕ. ಲಗೋರಿಯಲ್ಲಿ ಕಲ್ಲಿನ ಹತ್ತಿರವೇ ಇದ್ದು ಜೋಡಿಸುವ ಕೆಲಸ ಕಾಲಿನದಲ್ಲ, ಕೈಯದು. ನಿಯಮ ಬದಲಾದರೆ ಉಳಿದವರು ಗೊಣಗುತ್ತಾರೆಂದು ನಿಮಗನ್ನಿಸಬಹುದು. ಮಕ್ಕಳು ತಮ್ಮ ಓಣಿಯಲ್ಲಿ ಪುಟ್ಟ ತಮ್ಮಂದಿರಿಗಾಗಿ ನಿಯಮ ಬದಲಿಸುತ್ತಲೇ ಇರುತ್ತಾರೆ. ಗೊಣಗುವುದು ಹೆಚ್ಚಾಗಿ ದೊಡ್ಡವರು.

ಅವಧಿ ನಡೆಸಲು ನಿಮ್ಮ ಮುಂದೆ ಮೂರು ದಾರಿಗಳಿವೆ. ಅರವತ್ತು ಮಕ್ಕಳೂ ಒಂದೇ ಆಟ ಆಡುವುದು ನಿಮ್ಮ ಕಣ್ಣಿಗೆ ಸುಲಭ, ಚಿಕ್ಕವರಿಗೆ ಅಪಾಯ. ನಾಲ್ಕು ಮೂಲೆಗಳಲ್ಲಿ ನಾಲ್ಕು ಆಟ ಇಟ್ಟು, ಎಂಟು ನಿಮಿಷಕ್ಕೊಮ್ಮೆ ಗುಂಪು ಬದಲಿಸುವುದು ಎರಡನೆಯದು. ಪ್ರತಿ ಮೂಲೆಗೂ ಏಳನೆಯ ತರಗತಿಯ ಇಬ್ಬರು ಮೇಲ್ವಿಚಾರಕರು, ಅವರಲ್ಲೊಬ್ಬಳು ಹುಡುಗಿ. ಮೊದಲೆರಡು ವಾರ ಇದು ಸಂತೆಯಂತಿರುತ್ತದೆ. ಆಮೇಲೆ ತಾನಾಗಿ ನಡೆಯುತ್ತದೆ. ಅಪಾಯವೆಂದರೆ ಮೇಲ್ವಿಚಾರಕರು ಪುಟ್ಟ ಪೊಲೀಸರಾಗುವುದು, ಆದ್ದರಿಂದ ಪ್ರತಿ ವಾರ ಅವರನ್ನು ಬದಲಿಸಿ. ಮೂರನೆಯದು ಊರಿನ ಹಳೆಯ ವಿದ್ಯಾರ್ಥಿಗಳನ್ನು ಕರೆಸುವುದು. ಆಟ ಚೆನ್ನಾಗಿ ಬಲ್ಲವರು ಸಿಗುತ್ತಾರೆ, ಆದರೆ ಮಕ್ಕಳನ್ನು ಅವರ ವಶಕ್ಕೆ ಕೊಟ್ಟು ನೀವು ಒಳಗೆ ಹೋಗುವಂತಿಲ್ಲ, ಯಾರು ಬರುತ್ತಾರೆಂದು ಎಸ್‌ಡಿಎಂಸಿಯ ನಡಾವಳಿಯಲ್ಲಿ ದಾಖಲಾಗಬೇಕು. ನನ್ನ ಆಯ್ಕೆ ಎರಡನೆಯ ದಾರಿ.

ಯಾವುದೇ ದಾರಿಯಾದರೂ ಸೀಟಿಯ ಅರ್ಥ ಒಂದೇ ಇರಲಿ: ಉದ್ದದ ಒಂದು ಸೀಟಿ ಎಂದರೆ ಇದ್ದಲ್ಲೇ ಕೂರುವುದು. ಇದನ್ನೇ ಒಂದು ಆಟವಾಗಿ ಎರಡು ದಿನ ಅಭ್ಯಾಸ ಮಾಡಿಸಿ. ಗಂಟಲೂ ಉಳಿಯುತ್ತದೆ, ಹಾವು ಕಂಡಾಗಲೂ ಉಪಯೋಗಕ್ಕೆ ಬರುತ್ತದೆ. ತಪ್ಪು ಮಾಡಿದವರಿಗೆ ಬಸ್ಕಿ, ಮೈದಾನ ಸುತ್ತುವುದು ಇಂಥ ಶಿಕ್ಷೆ ಬೇಡ. 2009ರ ಶಿಕ್ಷಣ ಹಕ್ಕು ಕಾಯ್ದೆ ದೈಹಿಕ ಶಿಕ್ಷೆಯನ್ನು ನಿಷೇಧಿಸಿದೆ ಎನ್ನುವುದು ಒಂದು ಕಾರಣ. ಓಟವೇ ಶಿಕ್ಷೆಯಾದ ಮಗು ಮುಂದೆ ಓಟವನ್ನು ಪ್ರೀತಿಸುವುದಿಲ್ಲ ಎನ್ನುವುದು ಅದಕ್ಕಿಂತ ದೊಡ್ಡ ಕಾರಣ.

ಅದೇ ಕಾಯ್ದೆಯ ಅನುಸೂಚಿ ಪ್ರತಿ ಶಾಲೆಗೂ ಆಟದ ಮೈದಾನ, ಆಟದ ಸಾಮಗ್ರಿ ಇರಬೇಕೆನ್ನುತ್ತದೆ. ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರನ್ನು ಮಾತ್ರ ಆರರಿಂದ ಎಂಟನೆಯ ತರಗತಿಗಳಲ್ಲಿ ದಾಖಲಾತಿ ನೂರು ದಾಟಿದ ಶಾಲೆಗೆ ಹೇಳಿದೆ. ನಿಮ್ಮಂಥ ಚಿಕ್ಕ ಶಾಲೆಗೆ ಆ ಬಾಗಿಲು ಮುಚ್ಚಿದ್ದೇ. ಆದರೆ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಹಿರಿಯ ಪ್ರಾಥಮಿಕ ಶಾಲೆಗೆ ವರ್ಷಕ್ಕೆ 10,000 ರೂಪಾಯಿವರೆಗೆ ಕ್ರೀಡಾ ಅನುದಾನಕ್ಕೆ ಅವಕಾಶವಿದೆ. ಆ ಹಣ ಕೈಗೆ ಬಂದಾಗ ದುಬಾರಿ ಕ್ರಿಕೆಟ್ ಕಿಟ್ಟಿಗೆ ಸುರಿಯಬೇಡಿ. ಒಬ್ಬ ಬ್ಯಾಟ್ ಬೀಸುತ್ತಾನೆ, ಐವತ್ತು ಜನ ನೋಡುತ್ತಾರೆ. ಹತ್ತು ಮೆತ್ತನೆಯ ಚೆಂಡು, ಹತ್ತು ಹಗ್ಗ, ಒಂದಿಷ್ಟು ರಿಂಗುಗಳು, ಜಗುಲಿಯ ಮೇಲೆ ಕುಂಟೆಬಿಲ್ಲೆಯ ಮನೆಗಳನ್ನು ಬರೆಯಲು ಒಂದು ಡಬ್ಬಿ ಬಣ್ಣ ಕೊಳ್ಳಿ.

ಕೊನೆಯದಾಗಿ ಕ್ರೀಡಾಕೂಟ. ಅದು ಬೇಕು. ಆದರೆ ತಂಡದ ಹನ್ನೆರಡು ಮಕ್ಕಳಿಗಾಗಿ ಉಳಿದ ನಲವತ್ತೆಂಟು ಮಕ್ಕಳ ಅವಧಿಯನ್ನು ಬಳಸಬೇಡಿ. ಕೂಟಕ್ಕೆ ಒಂದೂವರೆ ತಿಂಗಳಿರುವಾಗಿನಿಂದ ವಾರಕ್ಕೆ ಎರಡು ದಿನ ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ಅಭ್ಯಾಸ ಇಟ್ಟುಕೊಳ್ಳಿ. ಕತ್ತಲಾಗುವ ಮೊದಲು ಮನೆ ಸೇರುವಂತೆ ಸಮಯ ಗೊತ್ತುಮಾಡಿ, ದೂರದ ತಾಂಡಾಗಳಿಂದ ಬರುವ ಮಕ್ಕಳಿದ್ದರೆ ಶನಿವಾರದ ಬೆಳಗಿನ ತರಗತಿ ಮುಗಿದ ಮೇಲೆ ಆಡಿಸಿ. ತಂಡವನ್ನು ಜೂನ್ ತಿಂಗಳಿನಲ್ಲೇ ಆರಿಸಿಬಿಡಬೇಡಿ. ಬಾಲ ಕೀಳುವ ಆಟವನ್ನು ಎರಡು ತಿಂಗಳು ಆಡಿಸಿ ನೋಡುತ್ತಿರಿ, ಖೋ ಖೋಗೆ ಬೇಕಾದ ಮೈತಿರುವು ಯಾರಲ್ಲಿದೆಯೆಂದು ಅಲ್ಲೇ ಕಾಣುತ್ತದೆ. ಈಗ ಬೇವಿನ ಮರದ ಕೆಳಗೆ ಕೂತಿರುವವರಲ್ಲಿ ಒಬ್ಬಿಬ್ಬರಾದರೂ ಆ ಪಟ್ಟಿಗೆ ಸೇರುತ್ತಾರೆ.